ಕಾಲಿಲ್ಲದ ಚಪ್ಪರ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟು, ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ಕಡೆಗೆ ಸಾಗುವ ಪ್ರಯಾಣಿಕನು ರಸ್ತೆಯ ಎರಡು ಬದಿಗಳನ್ನೂ ಗಮನವಿಟ್ಟು ನೋಡಿದರೆ, ನೆರಳಿಗಾಗಿ ಮನುಷ್ಯನು ಹೂಡಿರುವ ಉಪಾಯಗಳ ಒಂದು ಪ್ರದರ್ಶನವೇ ಅವನ ಕಣ್ಣಿಗೆ ಬೀಳುತ್ತದೆ. ಎಳನೀರು ಮಾರುವವನು ನಾಲ್ಕು ಗಳುಗಳ ಮೇಲೆ ಹಾಸಿಕೊಂಡ ತೆಂಗಿನ ಗರಿ. ಅಂಗಡಿಯ ಮುಂದೆ ಹಗ್ಗದಿಂದ ಬಿಗಿದ ಟಾರ್ಪಾಲು. ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನಿನ ಮಗ್ಗುಲಲ್ಲಿ, ಸೊಪ್ಪನ್ನು ಕಡ್ಡಿಗೆ ಕಟ್ಟುವವರಿಗಾಗಿ ಇಳಿಯಬಿಟ್ಟ ತಗಡಿನ ಮಾಡು. ಬೈಲುಕುಪ್ಪೆಯಲ್ಲಿ 1961ರಿಂದ ನೆಲಸಿರುವ ಟಿಬೆಟನ್ನರ ಮಠಗಳ ಕಿಟಕಿಗಳ ಮೇಲೆ ಗಾಳಿಗೆ ಅಲೆಯಾಡುವ ಬಟ್ಟೆಯ ಜಾಲರಿ. ಎಲ್ಲದರ ಉದ್ದೇಶವೂ ಒಂದೇ.

ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸಾಧನ ಸೇರಿದೆ. ಮನೆಯ ಮುಂಗೋಡೆಗೆ ಒಂದು ಉದ್ದನೆಯ ಉರುಳೆಯನ್ನು ಬಿಗಿದಿರುತ್ತಾರೆ. ಹಿಡಿಕೆಯನ್ನು ತಿರುಗಿಸಿದರೆ, ಮೊಣಕೈಯಂತೆ ಮಡಿಸಿಕೊಂಡಿದ್ದ ಎರಡು ಲೋಹದ ತೋಳುಗಳು ಮೆಲ್ಲನೆ ನೀಡಿಕೊಂಡು, ಉರುಳೆಗೆ ಸುತ್ತಿದ್ದ ಬಟ್ಟೆಯನ್ನು ಮುಂದಕ್ಕೆ ಎಳೆದು, ಜಗಲಿಯ ಮೇಲೆ ಒಂದು ಚಾವಣಿಯನ್ನು ಹರಡುತ್ತವೆ. ಬಿಸಿಲು ಇಳಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಮತ್ತೆ ಗೋಡೆಗೆ ಅಂಟಿಕೊಳ್ಳುತ್ತದೆ. ವ್ಯಾಪಾರಿಗಳು ಇದನ್ನು 'ಆನಿಂಗ್' ಎನ್ನುತ್ತಾರೆ. ನಾವು ಇಲ್ಲಿ 'ಬಿಸಿಲುಮರೆ' ಎಂದು ಕರೆಯೋಣ. ಕಲ್ಪನೆಯೇನೂ ಹೊಸದಲ್ಲ. ಪ್ರಾಚೀನ ರೋಮಿನ ಕೊಲೋಸಿಯಂ ರಂಗಮಂದಿರದಲ್ಲಿ ಪ್ರೇಕ್ಷಕರ ತಲೆಯ ಮೇಲೆ ಹಗ್ಗಗಳಿಂದ ಬಟ್ಟೆಯ ಚಾವಣಿಯನ್ನು ಎಳೆಯುತ್ತಿದ್ದರು. ಆ ಕೆಲಸಕ್ಕೆ ನಾವಿಕರನ್ನು ನೇಮಿಸುತ್ತಿದ್ದರೆಂಬುದು ಗಮನಾರ್ಹವಾದ ಸಂಗತಿ. ಬಿಡಿಸಿದ ಬಟ್ಟೆ ಎಲ್ಲಿದ್ದರೂ ಹಾಯಿಯೇ ಎಂಬುದನ್ನು ಅವರು ಬಲ್ಲವರಾಗಿದ್ದರು. ನಾವು ಅದನ್ನು ಮರೆತೆವು. ಆದುದರಿಂದಲೇ ಈ ಲೇಖನ ಹುಟ್ಟಿತು.

ಹುಣಸೂರಿನ ಒಂದು ಸಂಜೆ

ಹುಣಸೂರಿನಲ್ಲಿ ನಮ್ಮ ಬಂಧುಗಳ ಹಳೆಯ ಮನೆಯೊಂದಿದೆ. ಪಶ್ಚಿಮಕ್ಕೆ ಮುಖಮಾಡಿದ ಮನೆ, ಹೆಂಚಿನ ಮಾಡು, ಮುಂದೆ ಅಗಲವಾದ ಕಲ್ಲುಹಾಸಿನ ಜಗಲಿ. ಮಧ್ಯಾಹ್ನ ಮೂರರ ಮೇಲೆ ಜಗಲಿಯ ಕಲ್ಲು ಕಾದು, ಯಾರೂ ಅಲ್ಲಿ ಕೂರುವಂತಿರಲಿಲ್ಲ. ಬಿಸಿಲುಮರೆಯೊಂದನ್ನು ಹಾಕಿಸುವುದೆಂದು ಮನೆಯವರು ನಿಶ್ಚಯಿಸಿ, 'ಭೌತಶಾಸ್ತ್ರ ಓದಿದವರು' ಎಂಬ ಗೌರವದಿಂದ ನಮ್ಮ ಅಭಿಪ್ರಾಯವನ್ನೂ ಕೇಳಿದರು. ನಾವು ಬಟ್ಟೆಯನ್ನು ಮುಟ್ಟಿ ನೋಡಿದೆವು, ತೋಳುಗಳನ್ನು ಅಲುಗಿಸಿ ನೋಡಿದೆವು, ಬಣ್ಣ ಚೆನ್ನಾಗಿದೆ ಎಂದೆವು. ಗೋಡೆಯ ವಿಷಯವನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ.

ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ಭರಣಿ ಮಳೆಯ ದಿನಗಳು ಬಂದುವು. ಒಂದು ಸಂಜೆ ಪಶ್ಚಿಮದಲ್ಲಿ ಮೋಡ ಕವಿದು ಧೂಳೆದ್ದಾಗ, ಮರೆಯ ಕೆಳಗೆ ಕುಳಿತು ಅವರೆಕಾಳು ಸುಲಿಯುತ್ತಿದ್ದ ಅಜ್ಜಿ, ಹಿತ್ತಲಲ್ಲಿ ಒಣಹಾಕಿದ್ದ ಸಂಡಿಗೆಯ ನೆನಪಾಗಿ ಎದ್ದುಹೋದರು. ಅವರು ಹಿತ್ತಲ ಬಾಗಿಲನ್ನು ದಾಟುವಷ್ಟರಲ್ಲಿ ಮುಂಭಾಗದಿಂದ ದೊಡ್ಡ ಸದ್ದು ಕೇಳಿತು. ಬಿಸಿಲುಮರೆಯ ಒಂದು ಪಕ್ಕ ಗೋಡೆಯಿಂದ ಕಿತ್ತುಬಂದು, ಅಜ್ಜಿ ಕುಳಿತಿದ್ದ ಮಣೆಯ ಮೇಲೆಯೇ ಬಿದ್ದಿತ್ತು.

ಮರುದಿನ ನಾವು ಹೋಗಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಬೋಲ್ಟು ಮುರಿದಿರಲಿಲ್ಲ, ಬಾಗಿಯೂ ಇರಲಿಲ್ಲ. ಅದು ತಾನು ಹಿಡಿದಿದ್ದ ಇಟ್ಟಿಗೆಯನ್ನು ಇನ್ನೂ ಭದ್ರವಾಗಿಯೇ ಹಿಡಿದುಕೊಂಡಿತ್ತು. ಬೋಲ್ಟು ಇಟ್ಟಿಗೆಯನ್ನು ಬಿಟ್ಟಿರಲಿಲ್ಲ. ಇಟ್ಟಿಗೆಯೇ ಗೋಡೆಯನ್ನು ಬಿಟ್ಟುಬಂದಿತ್ತು. ಹೀಗೇಕಾಯಿತೆಂಬುದನ್ನು ತಿಳಿಯಲು ಹೊರಟರೆ, ಹೈಸ್ಕೂಲಿನಲ್ಲಿ ಕಲಿತ ಮೀಟುಗೋಲಿನ ನಿಯಮಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ಸೂರ್ಯನ ಲೆಕ್ಕ

ಮೊದಲು ಬಿಸಿಲಿನ ವಿಚಾರವನ್ನೇ ಸ್ವಲ್ಪ ನೋಡೋಣ. ಮರೆ ಎಷ್ಟು ಮುಂದಕ್ಕೆ ಚಾಚಬೇಕೆಂಬುದನ್ನು ಸೂರ್ಯನೇ ಗೊತ್ತುಮಾಡುತ್ತಾನೆ; ಅದು ಎಷ್ಟು ಚಾಚುತ್ತದೆಯೋ ಅಷ್ಟು ಕಷ್ಟ ಗೋಡೆಗೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕೂ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಮೆ 12 ಡಿಗ್ರಿ ಅಕ್ಷಾಂಶದ ಮೇಲಿವೆ. ಇಲ್ಲಿ ಏಪ್ರಿಲ್ 22ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲೊಮ್ಮೆ ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಈ ನಡುಹಗಲು ಗಡಿಯಾರದ ಹನ್ನೆರಡು ಗಂಟೆಯಲ್ಲ. ನಮ್ಮ ಗಡಿಯಾರಗಳು ಪೂರ್ವರೇಖಾಂಶ 82½ ಡಿಗ್ರಿಯ ಕಾಲವನ್ನು ತೋರಿಸುತ್ತವೆ. ಹುಣಸೂರಾದರೋ ಸುಮಾರು 76.3 ಡಿಗ್ರಿಯಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 25 ನಿಮಿಷಗಳ ಅಂತರ. ಆದುದರಿಂದ ಏಪ್ರಿಲಿನಲ್ಲಿ ಇಲ್ಲಿಯ ನಿಜವಾದ ನಡುಹಗಲು ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷದ ಹೊತ್ತಿಗೆ.

ದಕ್ಷಿಣಕ್ಕೆ ಮುಖಮಾಡಿದ ಮನೆಗೆ ತೊಂದರೆ ಕಡಮೆ. ದಕ್ಷಿಣದ ಗೋಡೆಯ ಮೇಲೆ ಹೆಚ್ಚು ಬಿಸಿಲು ಬೀಳುವುದು ಡಿಸೆಂಬರಿನಲ್ಲಿ. ಆಗಲೂ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಅಷ್ಟು ಎತ್ತರದ ಸೂರ್ಯನಿಗೆ ಚಿಕ್ಕದೊಂದು ಸಜ್ಜವೇ ಸಾಕು. ಕಷ್ಟವೆಲ್ಲ ಪಶ್ಚಿಮದ ಗೋಡೆಗೆ. ಏಪ್ರಿಲಿನಲ್ಲಿ ಗಡಿಯಾರದ ನಾಲ್ಕು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ಸೂರ್ಯನು ಕೇವಲ 31 ಡಿಗ್ರಿ ಎತ್ತರದಲ್ಲಿರುತ್ತಾನೆ. ಗೋಡೆಯಿಂದ 2½ ಮೀಟರು ಮುಂದಕ್ಕೆ ಚಾಚಿ, ತುದಿಯಲ್ಲಿ ನೆಲದಿಂದ 2.1 ಮೀಟರು ಎತ್ತರವಿರುವ ಮರೆಯನ್ನು ಊಹಿಸಿಕೊಳ್ಳಿ. ಆ ಹೊತ್ತಿನಲ್ಲಿ ಬಿಸಿಲು ಮರೆಯ ತುದಿಯನ್ನು ಸವರಿಕೊಂಡು ಒಳಬಂದು, ಗೋಡೆಯ ಮೇಲೆ ನೆಲದಿಂದ ಅರ್ಧ ಮೀಟರಿಗೆ ಸ್ವಲ್ಪ ಮೇಲೆ, ಎಂದರೆ ಮೊಣಕಾಲಿನ ಎತ್ತರದಲ್ಲಿ, ಮುಗಿಯುತ್ತದೆ. ಇನ್ನೊಂದು ಗಂಟೆ ಕಳೆಯಲಿ; ಸೂರ್ಯನು 17 ಡಿಗ್ರಿಗೆ ಇಳಿದು, ಬಿಸಿಲು ಗೋಡೆಯ ಮೇಲೆ 1.3 ಮೀಟರಿನವರೆಗೆ ಏರಿ, ಕುರ್ಚಿಯಲ್ಲಿ ಕುಳಿತವರ ಮುಖಕ್ಕೆ ಹೊಡೆಯುತ್ತದೆ. ಆದುದರಿಂದ ಪಶ್ಚಿಮದ ಜಗಲಿಯವರು ಇನ್ನೂ ಉದ್ದವಾದ ಮರೆ ಬೇಕೆನ್ನುವುದು ಸಹಜ. ಆದರೆ ಈ ಇಳಿಬಿಸಿಲಿಗೆ ಮರೆಯ ತುದಿಯಿಂದ ಒಂದು ಗೋಣಿಯನ್ನೋ ಬಟ್ಟೆಯನ್ನೋ ಇಳಿಯಬಿಡುವುದು ಹೆಚ್ಚು ಫಲಕಾರಿ. ಚಾಚನ್ನು ಹೆಚ್ಚಿಸುವುದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಈಗ ನೋಡೋಣ.

ಮೊಳೆ ಕೀಳುವ ಸುತ್ತಿಗೆ

ಬಡಗಿಯು ಮರದಿಂದ ಮೊಳೆಯನ್ನು ಕೀಳುವುದನ್ನು ಎಲ್ಲರೂ ನೋಡಿದ್ದೇವೆ. ಸುತ್ತಿಗೆಯ ಸೀಳುಬಾಯಿಯಲ್ಲಿ ಮೊಳೆಯ ತಲೆಯನ್ನು ಸಿಕ್ಕಿಸಿ, ಹಿಡಿಯ ತುದಿಯನ್ನು ಮೆಲ್ಲಗೆ ಎಳೆಯುತ್ತಾನೆ. ಬರಿಗೈಯಿಂದ ಹತ್ತು ಜನ ಎಳೆದರೂ ಬಾರದ ಮೊಳೆ ಜಾರಿಕೊಂಡು ಬರುತ್ತದೆ. ಸುತ್ತಿಗೆ ಮರವನ್ನು ಒತ್ತುವ ಜಾಗವೇ ಆನಿಕೆ. ಆನಿಕೆಯಿಂದ ಕೈಗೆ ಇರುವ ದೂರ ಹೆಚ್ಚು, ಮೊಳೆಗೆ ಇರುವ ದೂರ ಅತ್ಯಲ್ಪ. ಬಲವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವ ಮೊತ್ತ ಎರಡು ಕಡೆಯೂ ಸಮವಾಗಬೇಕು ಎಂಬುದೇ ಮೀಟುಗೋಲಿನ ನಿಯಮ. ಈ ಗುಣಲಬ್ಧವನ್ನು ನಾವು 'ತಿರುಗುಪ್ರಭಾವ' ಎಂದು ಕರೆಯೋಣ. ಬಾವಿಯಿಂದ ನೀರೆತ್ತುವ ಏತವೂ, ಬಂಡೆಯನ್ನು ಮೀಟುವ ಹಾರೆಯೂ ಈ ನಿಯಮದ ಸೇವಕರೇ.

ಗೋಡೆಗೆ ಬಿಗಿದ ಬಿಸಿಲುಮರೆಯೂ ಇಂಥದೇ ಒಂದು ಮಹಾ ಸುತ್ತಿಗೆ. ಮುಂದಕ್ಕೆ ಚಾಚಿದ ತೋಳುಗಳು ಸುತ್ತಿಗೆಯ ಹಿಡಿ; ಗೋಡೆಗೆ ತಗುಲಿದ ಬ್ರಾಕೆಟ್ಟಿನ ಕೆಳಅಂಚು ಆನಿಕೆ; ಬ್ರಾಕೆಟ್ಟಿನ ಮೇಲುಭಾಗದ ಬೋಲ್ಟು ಮೊಳೆ. ಹಿಡಿಯ ಉದ್ದ 2½ ಮೀಟರು; ಆನಿಕೆಯಿಂದ ಬೋಲ್ಟಿಗೆ ಇರುವ ಅಂತರ ಸಾಮಾನ್ಯವಾಗಿ ಒಂದು ಗೇಣಿಗೂ ಕಡಮೆ, ಎಂದರೆ ಸುಮಾರು 15 ಸೆಂಟಿಮೀಟರು. ತುದಿಯಲ್ಲಿ ಒಂದು ಕಿಲೋಗ್ರಾಂ ತೂಗಿದರೆ ಬೋಲ್ಟಿನ ಮೇಲೆ ಹದಿನಾರು ಕಿಲೋಗ್ರಾಮಿಗೂ ಹೆಚ್ಚಿನ ಎಳೆತ ಬೀಳುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮರೆಯ ಅಗಲ 3½ ಮೀಟರು, ಚಾಚು 2½ ಮೀಟರು, ಒಟ್ಟು ತೂಕ 50 ಕಿಲೋಗ್ರಾಂ ಇರಲಿ. ಇದರಲ್ಲಿ ಅರ್ಧದಷ್ಟು, 25 ಕಿಲೋಗ್ರಾಂ, ಗೋಡೆಯ ಬಳಿಯ ಉರುಳೆಯದು; ಅದರ ದೂರ ಕೇವಲ 10 ಸೆಂಟಿಮೀಟರಾದುದರಿಂದ ತಿರುಗುಪ್ರಭಾವ 2½ ಕಿಲೋಗ್ರಾಂ-ಮೀಟರು ಮಾತ್ರ. ತೋಳು ಮತ್ತು ಬಟ್ಟೆ ಸೇರಿ 17 ಕಿಲೋಗ್ರಾಂ, ಇವುಗಳ ಗುರುತ್ವಕೇಂದ್ರ ನಡುಮಧ್ಯೆ, 1¼ ಮೀಟರು ದೂರದಲ್ಲಿ, ಪ್ರಭಾವ 21. ತುದಿಯ ಅಡ್ಡಪಟ್ಟಿ 8 ಕಿಲೋಗ್ರಾಂ, ದೂರ 2½ ಮೀಟರು, ಪ್ರಭಾವ 20. ಎಲ್ಲವನ್ನೂ ಕೂಡಿದರೆ ಸುಮಾರು 44 ಕಿಲೋಗ್ರಾಂ-ಮೀಟರು. ಇದನ್ನು 15 ಸೆಂಟಿಮೀಟರಿನಿಂದ ಭಾಗಿಸಿದರೆ ಮೇಲಿನ ಬೋಲ್ಟುಗಳ ಮೇಲೆ ಬೀಳುವ ಎಳೆತ ಸುಮಾರು 290 ಕಿಲೋಗ್ರಾಂ. ಎರಡು ಬ್ರಾಕೆಟ್ಟುಗಳಲ್ಲಿ ತಲಾ ಎರಡರಂತೆ ನಾಲ್ಕು ಬೋಲ್ಟುಗಳು ಇದನ್ನು ಸಮನಾಗಿ ಹಂಚಿಕೊಂಡರೆ, ಒಂದೊಂದಕ್ಕೆ 73 ಕಿಲೋಗ್ರಾಂ. ಐವತ್ತು ಕಿಲೋಗ್ರಾಮಿನ ವಸ್ತುವೊಂದು, ಗಾಳಿಯಿಲ್ಲದೆ ಮಳೆಯಿಲ್ಲದೆ ಸುಮ್ಮನೆ ತೂಗುತ್ತಿರುವಾಗಲೇ, ಪ್ರತಿಯೊಂದು ಬೋಲ್ಟನ್ನೂ ಒಬ್ಬ ಆಳಿನ ತೂಕಕ್ಕಿಂತ ಹೆಚ್ಚಿನ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ!

ವಾಚಕರು ಇದನ್ನು ಮನೆಯಲ್ಲೇ ಅನುಭವಕ್ಕೆ ತಂದುಕೊಳ್ಳಬಹುದು. ಉದ್ದನೆಯ ಕೋಲಿನ ತುದಿಗೆ ನೀರು ತುಂಬಿದ ಒಂದು ತಂಬಿಗೆಯನ್ನು ತೂಗುಹಾಕಿ, ಇನ್ನೊಂದು ತುದಿಯನ್ನು ಎರಡು ಕೈಗಳಿಂದಲೂ ಹಿಡಿದು ಕೋಲನ್ನು ಅಡ್ಡವಾಗಿ ಮುಂದಕ್ಕೆ ಚಾಚಿರಿ. ಮೊದಲು ಎರಡು ಕೈಗಳೂ ಒತ್ತಾಗಿರಲಿ. ಆಮೇಲೆ ಒಂದಕ್ಕೊಂದು ಮೊಳದಷ್ಟು ದೂರವಿರಲಿ. ತಂಬಿಗೆಯ ತೂಕ ಬದಲಾಗಿಲ್ಲ. ಆದರೆ ಎರಡನೆಯ ಸಲ ಕೈಗೆ ಬೀಳುವ ಶ್ರಮ ಎಷ್ಟೋ ಕಡಮೆ. ಇದರ ಉಪಯೋಗವನ್ನು ಮುಂದೆ ಹೇಳಲಿದ್ದೇವೆ.

ಮಳೆ ಮತ್ತು ಗಾಳಿ

ಈ ಮರೆಗಳು ಮುಖ್ಯವಾಗಿ ಬಿಸಿಲಿಗಾಗಿ ಹುಟ್ಟಿದವು. ಮಳೆ ಬಂದಾಗಲೂ ಬಿಡಿಸಿಯೇ ಇಡುವುದು ನಮ್ಮಲ್ಲಿ ರೂಢಿ. ನೀರು ಹರಿದುಹೋಗುವುದಕ್ಕೆ ಬಟ್ಟೆಗೆ ಕಡಮೆಯೆಂದರೆ 14 ಡಿಗ್ರಿಯಷ್ಟು ಇಳಿಜಾರು ಬೇಕು. ಎಂದರೆ 2½ ಮೀಟರು ಚಾಚಿಗೆ ಅರವತ್ತು ಸೆಂಟಿಮೀಟರಿಗೂ ಹೆಚ್ಚಿನ ಇಳಿತ. ಸೂರು ತಗ್ಗಾಗಿರುವ ನಮ್ಮ ಹೆಂಚಿನ ಮನೆಗಳಲ್ಲಿ ಅಷ್ಟು ಎತ್ತರ ದೊರೆಯುವುದು ಕಷ್ಟ. ತಲೆಗೆ ತಗುಲೀತೆಂದು ಮರೆಯನ್ನು ಹೆಚ್ಚುಕಡಮೆ ಸಮತಟ್ಟಾಗಿ ಹಾಕಿಬಿಡುತ್ತಾರೆ. ಆಗ ಬಟ್ಟೆಯ ನಡುವೆ ನೀರು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಬಟ್ಟೆ ಜೋಲುತ್ತದೆ. ಜೋತ ಕಡೆಗೆ ಇನ್ನಷ್ಟು ನೀರು ಹರಿದುಬರುತ್ತದೆ.

ನಮ್ಮ ಮರೆಯ ವಿಸ್ತೀರ್ಣ 8¾ ಚದರ ಮೀಟರು. ಒಂದು ಮಿಲಿಮೀಟರು ನೀರು ನಿಂತರೆ 8¾ ಕಿಲೋಗ್ರಾಂ. ಸರಾಸರಿ ಒಂದು ಸೆಂಟಿಮೀಟರು ನಿಂತರೆ 87 ಕಿಲೋಗ್ರಾಂ. ಅದರ ತಿರುಗುಪ್ರಭಾವ 109. ಮರೆಯ ಸ್ವಂತದ 44ನ್ನು ಕೂಡಿದರೆ 153. ಮೇಲಿನ ಬೋಲ್ಟುಗಳ ಮೇಲಿನ ಎಳೆತ ಒಂದು ಟನ್ನನ್ನು ಮುಟ್ಟುತ್ತದೆ.

ಗಾಳಿಯ ಕಥೆ ಇನ್ನೂ ಭಯಂಕರವಾದದ್ದು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಇಂಜಿನಿಯರುಗಳು ಬಳಸುವ ಸೂತ್ರ ಸುಲಭವಾದದ್ದು. ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆದ ವೇಗವನ್ನು ವರ್ಗಮಾಡಿ 0.6ರಿಂದ ಗುಣಿಸಿದರೆ, ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂಬ ಒತ್ತಡ ದೊರೆಯುತ್ತದೆ. ಸೆಕೆಂಡಿಗೆ 10 ಮೀಟರು, ಎಂದರೆ ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ನಮ್ಮ ಮರೆಗೆ ಸರಿಯಾಗಿ ತಾಗಿದರೆ ಅದರ ಬಲ ಸುಮಾರು 53 ಕಿಲೋಗ್ರಾಂ ತೂಕಕ್ಕೆ ಸಮ. ಗಂಟೆಗೆ 72 ಕಿಲೋಮೀಟರಾದರೆ 214 ಕಿಲೋಗ್ರಾಂ. ಬೋಲ್ಟುಗಳ ಮೇಲಿನ ಎಳೆತ ಒಂದು ಮುಕ್ಕಾಲು ಟನ್ನನ್ನೂ ಮೀರುತ್ತದೆ. ಗಾಳಿ ಮೇಲಿನಿಂದಲೇ ಒತ್ತಬೇಕೆಂಬ ನಿಯಮವೂ ಇಲ್ಲ. ಗೋಡೆಗೆ ಬಡಿದು ತಿರುಗಿದ ಗಾಳಿ ಮರೆಯನ್ನು ಕೆಳಗಿನಿಂದ ಎತ್ತುತ್ತದೆ. ಆಗ ಆನಿಕೆ ಮೇಲಕ್ಕೆ ಹೋಗಿ, ಅದುವರೆಗೆ ನಿಶ್ಚಿಂತೆಯಾಗಿದ್ದ ಕೆಳಗಿನ ಬೋಲ್ಟುಗಳು ಎಳೆತಕ್ಕೆ ಸಿಕ್ಕುತ್ತವೆ. ಹೀಗೆ ಮೇಲಕ್ಕೂ ಕೆಳಕ್ಕೂ ಅಲುಗಿಸಿದ ಮೊಳೆ ಸಡಿಲವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಯುರೋಪಿನ ದೇಶಗಳಲ್ಲಿ ಬಿಸಿಲುಮರೆಗಳನ್ನು ಗಾಳಿಗೆ ತಡೆಯುವ ಶಕ್ತಿಗೆ ತಕ್ಕಂತೆ ವರ್ಗೀಕರಿಸಿದ್ದಾರೆ. ಅಲ್ಲಿಯ ಮೂರನೆಯ ವರ್ಗದ ಗಟ್ಟಿ ಮರೆಯೂ ಗಂಟೆಗೆ 49 ಕಿಲೋಮೀಟರಿನ ಗಾಳಿಗೆ, ಎಂದರೆ ಚದರ ಮೀಟರಿಗೆ 110 ನ್ಯೂಟನ್ ಒತ್ತಡಕ್ಕೆ, ಮಾತ್ರ ಜವಾಬು ಹೇಳುತ್ತದೆ. ನಮ್ಮ ದೇಶದ ಕಟ್ಟಡಗಳಿಗಾಗಿ 2015ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ 875ರ ಮೂರನೆಯ ಭಾಗವಾದರೋ, ಬೆಂಗಳೂರಿನ ಕಟ್ಟಡಗಳಿಗೆ ಲೆಕ್ಕ ಹಾಕುವಾಗ ಸೆಕೆಂಡಿಗೆ 33 ಮೀಟರಿನ, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರಿನ, ಬೀಸನ್ನು ಮೂಲವಾಗಿ ಹಿಡಿಯಬೇಕೆನ್ನುತ್ತದೆ. ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ತತ್ತ್ವ ಸ್ಪಷ್ಟವಾಗುತ್ತದೆ: ಮನೆ ಬಿರುಗಾಳಿಯನ್ನು ಎದುರಿಸಬೇಕು; ಮರೆ ಬಿರುಗಾಳಿಗೆ ಮುಂಚೆಯೇ ಮಡಿಸಿಕೊಳ್ಳಬೇಕು.

ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆ ಈ ವಿಷಯದಲ್ಲಿ ವಿಶೇಷ ಮೋಸಗಾರ. ಎತ್ತರದ ಮೋಡದಲ್ಲಿ ಮಳೆಯ ಹನಿಗಳು ಬೀಳುತ್ತ ಆವಿಯಾಗುವುದರಿಂದ ಅಲ್ಲಿಯ ಗಾಳಿ ತಣಿದು ಭಾರವಾಗುತ್ತದೆ. ಭಾರವಾದ ಗಾಳಿ ನೆಲದ ಕಡೆಗೆ ಕುಸಿಯುತ್ತದೆ. ನೆಲಕ್ಕೆ ಬಡಿದು ಚೆಲ್ಲಿದ ನೀರಿನಂತೆ ನಾಲ್ಕು ದಿಕ್ಕಿಗೂ ಹರಡುತ್ತದೆ. ಆದುದರಿಂದಲೇ ಮೊದಲ ಹನಿ ಬೀಳುವುದಕ್ಕೆ ಮುಂಚೆ ತಣ್ಣನೆಯ ಗಾಳಿ ಧೂಳನ್ನೆಬ್ಬಿಸಿಕೊಂಡು ನುಗ್ಗುತ್ತದೆ. ಮಳೆ ಬಂದಮೇಲೆ ಮಡಿಸೋಣ ಎಂದು ಕಾಯುವವನಿಗೆ ಸಮಯವೇ ಸಿಕ್ಕುವುದಿಲ್ಲ.

ಗೋಡೆಯ ಉತ್ತರ

ಈಗ ಕಿತ್ತುಬಂದ ಇಟ್ಟಿಗೆಗೆ ಹಿಂದಿರುಗೋಣ. ಆ ಹಳೆಯ ಗೋಡೆ ಸುಟ್ಟ ಇಟ್ಟಿಗೆಯದೇ. ಆದರೆ ಇಟ್ಟಿಗೆಗಳ ನಡುವೆ ಇದ್ದುದು ಸಿಮೆಂಟಲ್ಲ, ಕೆಸರುಮಣ್ಣು. ಹೊರಗೆ ಹೊಸ ಗಾರೆಯ ಮೇಲೆ ಬಣ್ಣ ಬಳಿದಿದ್ದುದರಿಂದ ಒಳಗಿನ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಒಣಗಿದ ಮಣ್ಣು ಭಾರವನ್ನು ಕೆಳಕ್ಕೆ ಸಾಗಿಸುವುದರಲ್ಲಿ ಸಮರ್ಥ. ಆದರೆ ಎಳೆತವನ್ನು ತಡೆಯುವ ಅಂಟು ಅದಕ್ಕೆ ಬಹು ಕಡಮೆ. ಅಂಥ ಗೋಡೆಯಲ್ಲಿ ಒಂದು ಇಟ್ಟಿಗೆಯನ್ನು ಹೊರಕ್ಕೆ ಬಾರದಂತೆ ತಡೆಯುವುದು ಮುಖ್ಯವಾಗಿ ಅದರ ಮೇಲೆ ಕುಳಿತಿರುವ ಗೋಡೆಯ ತೂಕದಿಂದ ಉಂಟಾಗುವ ಘರ್ಷಣೆ.

ಆ ಘರ್ಷಣೆ ಎಷ್ಟು? ಬೋಲ್ಟಿನ ಮೇಲೆ ಅರವತ್ತು ಸೆಂಟಿಮೀಟರು ಎತ್ತರದ ಗೋಡೆ ಇದೆಯೆನ್ನೋಣ. ಒಂದು ಘನ ಮೀಟರು ಇಟ್ಟಿಗೆ ಕಟ್ಟಡದ ತೂಕ ಸುಮಾರು 1,900 ಕಿಲೋಗ್ರಾಂ. ಇಪ್ಪತ್ತಮೂರು ಸೆಂಟಿಮೀಟರು ಉದ್ದ, ಹನ್ನೊಂದು ಸೆಂಟಿಮೀಟರು ಅಗಲದ ಇಟ್ಟಿಗೆಯ ಮೇಲೆ ಹಾಗಾದರೆ ಬೀಳುವ ಭಾರ 29 ಕಿಲೋಗ್ರಾಂ. ಘರ್ಷಣೆ ಭಾರದ ಹತ್ತರಲ್ಲಿ ಆರು ಪಾಲಿನಷ್ಟೆಂದೂ, ಅದು ಇಟ್ಟಿಗೆಯ ಮೇಲುಮೈ ಕೆಳಮೈ ಎರಡರಲ್ಲೂ ವರ್ತಿಸುವುದೆಂದೂ ಹಿಡಿದರೆ, ಒಟ್ಟು ತಡೆ ಸುಮಾರು 35 ಕಿಲೋಗ್ರಾಂ. ನಮ್ಮ ಬೋಲ್ಟು ಗಾಳಿಯಿಲ್ಲದ ದಿನವೂ ಬೇಡುತ್ತಿದ್ದುದು 73! ಹೆಂಚಿನ ಮಾಡಿನ ಹೊರೆ, ಒಣಮಣ್ಣಿನ ಅಲ್ಪಸ್ವಲ್ಪ ಅಂಟು, ಮೇಲಿನ ಗಾರೆಯ ಹಿಡಿತ ಇವು ಸೇರಿ ಎರಡು ತಿಂಗಳು ಹೇಗೋ ಮಾನ ಕಾಪಾಡಿದ್ದುವು. ಗಾಳಿ ಬಂತು, ಸಾಲ ತೀರಿತು.

ಗೋಡೆಗಳೆಲ್ಲ ಒಂದೇ ಬಗೆಯವಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಎಷ್ಟೊಂದು ಬಗೆ! ಹಳ್ಳಿಗಳ ಹಳೆಯ ಮನೆಗಳದು ಮಣ್ಣಿನ ಗೋಡೆ. ಅದಕ್ಕೆ ಬಿಸಿಲುಮರೆಯನ್ನು ತೂಗುಹಾಕುವ ಯೋಚನೆಯನ್ನೇ ಬಿಡಬೇಕು. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿಯೂ ಹುಣಸೂರು ಪಟ್ಟಣದಲ್ಲಿಯೂ ಸುಟ್ಟ ಇಟ್ಟಿಗೆಯ ಮನೆಗಳುಂಟು. ಮಾನಕ ಸಂಸ್ಥೆಯ ಅತ್ಯಂತ ಕೆಳಗಿನ ದರ್ಜೆಯ ಇಟ್ಟಿಗೆ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋಗ್ರಾಂ ಒತ್ತಡವನ್ನು ತಡೆಯಬೇಕು. ಮನೆಯ ತೊಲೆ ಲಿಂಟಲುಗಳಿಗೆ ಬಳಸುವ ಸಾಧಾರಣ ಕಾಂಕ್ರೀಟು 200 ಕಿಲೋಗ್ರಾಮನ್ನು ತಡೆಯುತ್ತದೆ. ಒಂದೇ ಬೋಲ್ಟು ಈ ಎರಡರಲ್ಲಿ ಒಂದೇ ರೀತಿ ಹಿಡಿಯುವುದೆಂದು ನಂಬುವುದು ಸರಿಯಲ್ಲ. ಸೈಜುಗಲ್ಲಿನ ಗೋಡೆಯಲ್ಲಿ ಕಲ್ಲು ಬೋಲ್ಟನ್ನು ಚೆನ್ನಾಗಿ ಹಿಡಿಯುತ್ತದೆ, ಕಲ್ಲುಗಳ ನಡುವಣ ಸಂದು ಹಿಡಿಯುವುದಿಲ್ಲ. ಟೊಳ್ಳು ಸಿಮೆಂಟು ಬ್ಲಾಕಿನ ಗೋಡೆಯಲ್ಲಿ ಬೋಲ್ಟಿಗೆ ಸಿಕ್ಕುವುದು ಎರಡು ಮೂರು ಸೆಂಟಿಮೀಟರಿನ ಸಿಪ್ಪೆ ಮಾತ್ರ; ಅದರಾಚೆ ಬರಿಯ ಬಯಲು. ಇನ್ನು ಪಿರಿಯಾಪಟ್ಟಣ, ಹುಣಸೂರುಗಳ ಕಡೆಯ ಹೊಗೆಸೊಪ್ಪಿನ ಬ್ಯಾರನ್ನಿನ ಗೋಡೆ ಎತ್ತರವಾಗಿ ಗಟ್ಟಿಯಾಗಿ ಕಂಡರೂ, ಸೊಪ್ಪು ಬೇಯುವ ಕಾಲದಲ್ಲಿ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರಿ, ಮತ್ತೆ ಇಳಿದು, ಗೋಡೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಅಲ್ಲಿ ನೆರಳು ಬೇಕಾಗುವುದೂ ಮಳೆಗಾಲದ ಗಾಳಿಯಲ್ಲಿಯೇ. ಅದಕ್ಕೆ ಕಂಬದ ಮಾಡೇ ಲೇಸು.

ಒಳಗಿನ ಸಂಗತಿಯನ್ನು ತಿಳಿಯುವ ಉಪಾಯ ಸುಲಭ. ಬ್ರಾಕೆಟ್ಟು ಕೂರುವ ಜಾಗದಲ್ಲಿ ಸಣ್ಣ ಬೈರಿಗೆಯಿಂದ ಒಂದು ಪರೀಕ್ಷಾರಂಧ್ರವನ್ನು ಕೊರೆದು, ಉದುರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಮೊದಲ ಎರಡು ಸೆಂಟಿಮೀಟರಿನ ಬೂದುಬಣ್ಣದ ಪುಡಿ ಗಾರೆಯದು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಕೆಂಪುಪುಡಿ ಒಂದೇ ಸಮನೆ ಬಂದರೆ ಇಟ್ಟಿಗೆ. ಬೂದುಪುಡಿ ಬಂದು ಬೈರಿಗೆ ಕಷ್ಟಪಟ್ಟು ಸಾಗಿದರೆ ಕಾಂಕ್ರೀಟು. ತಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು. ಮೆತ್ತನೆಯ ಮಣ್ಣು ಬಂದರೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ವಿವೇಕ.

ಮಾಡಬೇಕಾದುದೇನು?

ಪರಿಹಾರಗಳೆಲ್ಲ ಆ ಮೀಟುಗೋಲಿನ ನಿಯಮದಿಂದಲೇ ಹೊರಡುತ್ತವೆ. ಮೊದಲನೆಯದು, ಬಲವಾದ ಆಸರೆಯನ್ನು ಹುಡುಕುವುದು. ಮನೆಯ ಸುತ್ತ ಕಾಂಕ್ರೀಟಿನ ಲಿಂಟಲು ಪಟ್ಟಿಯೋ ತೊಲೆಯೋ ಇದ್ದರೆ ಬ್ರಾಕೆಟ್ಟು ಅದಕ್ಕೇ ಕೂರಬೇಕು. ಕೊರೆದ ರಂಧ್ರದ ಪುಡಿಯನ್ನು ಊದಿ ತೆಗೆಯದೆ ಬೋಲ್ಟನ್ನು ಕೂರಿಸಿದರೆ ಅದರ ಹಿಡಿತ ಗಣನೀಯವಾಗಿ ತಗ್ಗುತ್ತದೆಂಬುದನ್ನು ಕೆಲಸಗಾರನಿಗೆ ನೆನಪಿಸಬೇಕು. ಆದರೆ ಕಿಟಕಿಯ ಮೇಲಿನ ಸಜ್ಜದ ತುದಿಗೆ ಮಾತ್ರ ಎಂದಿಗೂ ತಗುಲಿಸಬಾರದು. ಸಜ್ಜವೂ ಕಾಲಿಲ್ಲದ್ದೇ, ತನ್ನ ಹಿಂಬದಿಯ ಮೇಲೆ ಕುಳಿತ ಗೋಡೆಯ ತೂಕದಿಂದ ಅದು ನಿಂತಿದೆ. ಒಂದು ಕಾಲಿಲ್ಲದ್ದರ ತುದಿಗೆ ಇನ್ನೊಂದು ಕಾಲಿಲ್ಲದ್ದನ್ನು ತೂಗುಹಾಕುವುದು ಅಪಾಯವನ್ನು ಆಹ್ವಾನಿಸಿದಂತೆ.

ಎರಡನೆಯದು, ಆನಿಕೆಗೂ ಬೋಲ್ಟಿಗೂ ಇರುವ ಅಂತರವನ್ನು ಹೆಚ್ಚಿಸುವುದು. ಕೋಲು ಮತ್ತು ತಂಬಿಗೆಯ ಪ್ರಯೋಗದ ಉಪಯೋಗ ಇಲ್ಲಿದೆ. ಬ್ರಾಕೆಟ್ಟನ್ನು ನೇರವಾಗಿ ಗೋಡೆಗೆ ಬಿಗಿಯದೆ, ಗೋಡೆಯುದ್ದಕ್ಕೆ ನೆಟ್ಟನೆ ನಿಂತ ಗಟ್ಟಿ ಕಬ್ಬಿಣದ ಪಟ್ಟಿಗೆ ಬಿಗಿದು, ಆ ಪಟ್ಟಿಯನ್ನು ಮೇಲೊಂದು ಕೆಳಗೊಂದು ಬೋಲ್ಟಿನಿಂದ ಗೋಡೆಗೆ ಕೂರಿಸಿದರೆ, ಮತ್ತು ಆ ಅಂತರ 15ರ ಬದಲು 60 ಸೆಂಟಿಮೀಟರಾದರೆ, ಎಳೆತ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹಿಂದೆ ಒಂದು ಟನ್ನು ಎಂದದ್ದು ಈಗ 255 ಕಿಲೋಗ್ರಾಂ.

ಮೂರನೆಯದು, ಎಳೆತವನ್ನು ಒಂದು ಇಟ್ಟಿಗೆಯ ಮೇಲೆ ಹೊರಿಸದೆ ಹಲವಕ್ಕೆ ಹಂಚುವುದು. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆಯ ಗೋಡೆಯಾದರೆ ಬೋಲ್ಟಿನ ಸಲಾಕೆಯನ್ನು ಗೋಡೆಯ ಆಚೆಗೂ ತೂರಿಸಿ, ಒಳಗಡೆ ಅಂಗೈಯಗಲಕ್ಕಿಂತ ದೊಡ್ಡದಾದ ಕಬ್ಬಿಣದ ಫಲಕವನ್ನಿಟ್ಟು ನಟ್ಟು ಬಿಗಿಯಬೇಕು. ಆಗ ಗೋಡೆಯ ಇಡೀ ದಪ್ಪವೂ ಹೊರೆಗೆ ಹೆಗಲು ಕೊಡುತ್ತದೆ. ಒಳಗೋಡೆಯ ಅಂದ ಕೆಡುವುದೆಂದು ಮನೆಯವರು ಗೊಣಗಬಹುದು. ಆ ಫಲಕದ ಮೇಲೆ ಒಂದು ಪಟವನ್ನು ತೂಗುಹಾಕಿದರೆ ಆಯಿತು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾದದ್ದು, ಎಲ್ಲಕ್ಕಿಂತ ಹಳೆಯದು: ಕಾಲು ಕೊಡುವುದು. ಮರೆಯ ಮುಂತುದಿಗೆ ಎರಡು ಕಂಬಗಳನ್ನು ನಿಲ್ಲಿಸಿದರೆ ಅದು ಸುತ್ತಿಗೆಯಾಗಿರುವುದನ್ನು ಬಿಟ್ಟು ಚಪ್ಪರವಾಗುತ್ತದೆ. ಒಂದು ಸೆಂಟಿಮೀಟರು ನೀರು ನಿಂತರೆ ಅದರ 87 ಕಿಲೋಗ್ರಾಮಿನಲ್ಲಿ ಅರ್ಧ ಕಂಬಗಳ ಮೂಲಕ ನೆಲಕ್ಕೆ, ಅರ್ಧ ಗೋಡೆಯ ಮೂಲಕ ನೆಲಕ್ಕೆ ಇಳಿಯುತ್ತದೆ. ಬೋಲ್ಟನ್ನು ಹೊರಕ್ಕೆ ಕೀಳುವ ಎಳೆತ ಬಹುಮಟ್ಟಿಗೆ ಮಾಯವಾಗುತ್ತದೆ. ಗಾಳಿ ಕೆಳಗಿನಿಂದ ಎತ್ತುವುದನ್ನೂ ಮರೆಯಬಾರದು. ಗಂಟೆಗೆ 72 ಕಿಲೋಮೀಟರಿನ ಗಾಳಿಯಲ್ಲಿ ಎರಡು ಕಂಬಗಳ ಮೇಲೂ ಸೇರಿ ಸುಮಾರು 107 ಕಿಲೋಗ್ರಾಮಿನ ಎತ್ತುಬಲ ಬೀಳುತ್ತದೆ. ಮರೆಯ ಸ್ವಂತ ತೂಕವನ್ನು ಕಳೆದರೆ ಒಂದೊಂದಕ್ಕೆ 45 ಕಿಲೋಗ್ರಾಮಿನಷ್ಟು. ಉದ್ದ ಅಗಲ ಆಳ ಒಂದೊಂದು ಅಡಿಯ ಗುಂಡಿಯಲ್ಲಿ ತುಂಬಿದ ಕಾಂಕ್ರೀಟಿನ ತೂಕವೇ 65 ಕಿಲೋಗ್ರಾಮಿಗೆ ಮೇಲಾಗುವುದರಿಂದ, ಕಂಬದ ಬುಡವನ್ನು ಅಂಥ ಗುಂಡಿಯ ಕಾಂಕ್ರೀಟಿಗೆ ಬಿಗಿದರೆ ಸಾಕು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ತೋಳುಗಳೊಳಗೆ ಬಲವಾದ ಸ್ಪ್ರಿಂಗುಗಳಿರುತ್ತವೆ. ಕಟ್ಟಿಹಾಕದೆ ತೋಳನ್ನು ಕಳಚಲು ಹೋದರೆ ಅದು ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಆ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಎರಡನೆಯದಾಗಿ, ಕೋಟೆಯ ಕಡೆಯಂತೆ ಮುಂಗಾರು ದಿನಗಟ್ಟಲೆ ಹಿಡಿಯುವ ಸೀಮೆಯಲ್ಲಿ, ಒದ್ದೆ ಬಟ್ಟೆಯನ್ನು ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆ ನಿಂತೊಡನೆ ಒಮ್ಮೆ ಬಿಡಿಸಿ ಆರಿಸಬೇಕು.

ಹುಣಸೂರಿನ ಆ ಮನೆಯಲ್ಲಿ ಈಗ ಬಿಸಿಲುಮರೆ ಮತ್ತೆ ನಿಂತಿದೆ. ಚಾಚನ್ನು ಅರ್ಧ ಮೀಟರು ಕಡಮೆ ಮಾಡಿ, ಮುಂದೆ ಎರಡು ಕಂಬಗಳನ್ನು ನಿಲ್ಲಿಸಿ, ಇಳಿಬಿಸಿಲಿಗೆ ಒಂದು ಗೋಣಿಯ ಪರದೆಯನ್ನು ಇಳಿಯಬಿಟ್ಟಿದ್ದಾರೆ. ಕಂಬಗಳನ್ನು ನಿಲ್ಲಿಸುವಾಗ ಅಜ್ಜಿ ನಕ್ಕು, "ಮದುವೆ ಚಪ್ಪರಕ್ಕೆ ಕಾಲು ನೆಡೋದು ಈ ಊರಿನ ಹುಡುಗರಿಗೂ ಗೊತ್ತಲ್ಲಪ್ಪ, ಇಷ್ಟು ಓದಿದ ನಿಮಗೆ ಗೊತ್ತಾಗೋಕೆ ಇಟ್ಟಿಗೆ ಬೀಳಬೇಕಾಯ್ತೆ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಪಶ್ಚಿಮದಲ್ಲಿ ಧೂಳೆದ್ದರೆ ಈಗ ಆ ಮನೆಯಲ್ಲಿ ಮೊದಲು ಓಡುವುದು ಸಂಡಿಗೆಯ ಕಡೆಗಲ್ಲ, ಹಿಡಿಕೆಯ ಕಡೆಗೆ.